ರಾಜಿ ಬಾಕಿಯಿರುವ ಲಿಫ್ಟು

ಒಂದು ಒಗಟು ಹೇಳ್ತೀನಿ, ಬಿಡಿಸಿ. ಏಳನೇ ಮಹಡಿಯಲ್ಲಿರುತ್ತೆ. ಕೆಳಗೆ ಬಂದರೆ ಮಾತ್ರ ಕೆಲಸ ಮಾಡುತ್ತೆ. ಕೆಲಸ ಮಾಡಿದರೆ ಮಾತ್ರ ಕೆಳಗೆ ಬರುತ್ತೆ. ಏನದು?

ಲಿಫ್ಟು ಅಂದ್ರಾ? ಅಲ್ಲ. ತಲೆ ಕೆರ್ಕೊಳ್ತಾ ಮುಂದೆ ಓದಿ.

ನಮ್ಮ ಕಟ್ಟಡದ ನಿವಾಸಿಗಳ ಸಂಘವು ಅತ್ಯಂತ ಪ್ರಾಮಾಣಿಕ ಸಂಘವಾಗಿದೆ. ಯಾರೂ ದುಡ್ಡು ಹೊಡೆಯಬಾರದೆಂಬ ಸದುದ್ದೇಶದಿಂದ ಸಂಘವು ಲೆಕ್ಕದ ಸಾಫ್ಟ್‌ವೇರ್ ಖರೀದಿಸಿ, ಬ್ಯಾಂಕಿನ ಕೆಲಸಗಳಿಗೆ ಪಾತ್ರ ಹಂಚಿತು. ಕಾರ್ಯದರ್ಶಿ ಪಾವತಿ ಬರೆಯಬಹುದು, ಬರೆದದ್ದನ್ನು ನೋಡುವಂತಿಲ್ಲ. ಖಜಾಂಚಿ ನೋಡಬಹುದು, ಮುಟ್ಟುವಂತಿಲ್ಲ. ಅಧ್ಯಕ್ಷರು ಮಂಜೂರು ಮಾಡಬಹುದು, ಏನನ್ನು ಅಂತ ಕೇಳುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಹಕ್ಕನ್ನು ಹೆಬ್ಬೆಟ್ಟು ಒತ್ತಿಯೇ ಚಲಾಯಿಸತಕ್ಕದ್ದು. ಒತ್ತುವ ಯಂತ್ರ ಕಳುವಾಗದಂತೆ ಅದನ್ನು ನೆಲಮಹಡಿಯ ಆಫೀಸಿನ ಮೇಜಿಗೆ ನಾಲ್ಕು ಸ್ಕ್ರೂ ಹೊಡೆದು ಕೂರಿಸಿದರು. ಅವತ್ತೇ ಕಟ್ಟಡದ ಅಷ್ಟೂ ಜನರ ಹೆಬ್ಬೆಟ್ಟು ಹಿಡಿದಿಟ್ಟರು. ಆಗ ಲಿಫ್ಟು ಓಡ್ತಿತ್ತು.

ಮರುವಾರ ಕೆಟ್ಟಿತು.

ಏಳನೇ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ತಂಗಿ ಇರೋದು ನೆಲಮಹಡಿಯಲ್ಲಿ. ಇಬ್ಬರ ಮಂಡಿಯೂ ಮೆಟ್ಟಿಲು ಅಂದರೆ ಮುಷ್ಕರ ಹೂಡುತ್ತೆ. ತಂಗಿಗೆ ಕಣ್ಣೂ ಮಂಜಾಗ್ತಿದೆ. ತಿಂಗಳೊಳಗೆ ಪೂರ್ತಿ ಹೋಗುತ್ತೆ, ಏನೂ ಮಾಡೋಕಾಗಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಆಫೀಸಿಗೆ ಬಂದು ತಂಗಿ ಕೇಳಿದ್ದು ಒಂದೇ: "ಅಷ್ಟರೊಳಗೆ ಅಕ್ಕನ ಮುಖ ಒಂದ್ಸಲ ಹತ್ತಿರದಿಂದ ನೋಡ್ಬಿಡ್ತೀನಿ ಕಣ್ರಪ್ಪಾ."

ಲಿಫ್ಟಿನ ಮೆಕ್ಯಾನಿಕ್ ಹೊಸ ಮೋಟರು ಹೊತ್ತು ತಂದ. ದುಡ್ಡು ಬಿದ್ದ ಕೂಡಲೇ ಕೂರಿಸ್ತೀನಿ ಅಂದ. ಕಾರ್ಯದರ್ಶಿ ನೋಡದೆ ಬರೆದರು, ಅಧ್ಯಕ್ಷರು ಕೇಳದೆ ಒತ್ತಿದರು. ಪರದೆ ಹೇಳಿತು: "ಪಾವತಿ ತಡೆಹಿಡಿಯಲಾಗಿದೆ. ಬ್ಯಾಂಕ್ ರಾಜಿ ಬಾಕಿ ಇದೆ. ರಾಜಿ ಪಾತ್ರಕ್ಕೆ ಒಬ್ಬರನ್ನು ನೇಮಿಸಿ."

ಬ್ಯಾಂಕಿನ ಲೆಕ್ಕ, ನಮ್ಮ ಲೆಕ್ಕ ಎರಡನ್ನೂ ತಾಳೆ ನೋಡೋದಕ್ಕೆ ಆ ಸಾಫ್ಟ್‌ವೇರ್ ಇಟ್ಟ ಹೆಸರು ರಾಜಿ, ಅಷ್ಟೆ. ಮಾರಿದವನು ಫೋನಲ್ಲಿ ಅದನ್ನೇ ಹೇಳಿದ. ಅಧ್ಯಕ್ಷರಿಗೆ ರೇಗಿತು.

"ರಾಜಿ ಅಂದ್ರೆ ರಾಜಿ ಕಣ್ರೀ. ನಮಗೇನು ಓದೋಕೆ ಬರಲ್ವಾ?" ಅಂತ ಫೋನಿಟ್ಟರು.

"ರಾಜಿ ಆಗ್ಬೇಕಂದ್ರೆ ಜಗಳ ಆಗಿರ್ಬೇಕಲ್ಲ ಸಾರ್," ಅಂದರು ಖಜಾಂಚಿ.

"ಆಗಿಲ್ವಾ?"

"ಇಲ್ವಲ್ಲ."

"ಹಾಗಾದ್ರೆ ಇಷ್ಟು ದಿನ ನಿಯಮ ಮೀರಿ ಚೆನ್ನಾಗಿದ್ವಿ ಅಂತಾಯ್ತು. ಸರಿಪಡಿಸೋಣ."

ಸೂಚನಾ ಫಲಕಕ್ಕೆ ಹಾಳೆ ಅಂಟಿತು: "ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಧ್ಯಕ್ಷರಿಗೂ ಖಜಾಂಚಿಯವರಿಗೂ ಜಗಳ ಏರ್ಪಡಿಸಲಾಗಿದೆ. ನಿವಾಸಿಗಳು ಸಕುಟುಂಬವಾಗಿ ಹಾಜರಿರತಕ್ಕದ್ದು."

ಮೊದಲ ಹತ್ತು ನಿಮಿಷ ಸಪ್ಪೆ. "ನೀವು ಸರಿಯಿಲ್ಲ ರೀ." "ನೀವೂ ಅಷ್ಟೆ ರೀ." ಆಮೇಲೆ ಖಜಾಂಚಿ ಬಾಯ್ತಪ್ಪಿ ನಿಜ ಹೇಳಿಬಿಟ್ಟರು: "ಟೆರೇಸಿಗೆ ಬೀಗ ಹಾಕಿ ನಿಮ್ಮ ಭಾವಮೈದುನನ ಗೋಡೌನು ಮಾಡಿಕೊಂಡಿದ್ದೀರಲ್ಲ!"

"ನಿನ್ನ ಮನೆ ನಲ್ಲಿಗೆ ಮೀಟರೇ ಇಲ್ವಲ್ಲೋ!"

'ರೀ' ಹೋಗಿ 'ಲೋ' ಬಂತು. 'ಲೋ' ಬಂದ ಮೇಲೆ ಕಾಲರಿಗೆ ಕೈ ಬಂತು. ಕಾರ್ಯದರ್ಶಿ ನಡಾವಳಿ ಬರೆದರು: "ಜಗಳ ತೃಪ್ತಿಕರವಾಗಿ ನೆರವೇರಿತು. ನಡುವೆ ಬಂದ ನಿಜಗಳನ್ನು ಕಡತದಿಂದ ತೆಗೆಯಲಾಗಿದೆ."

ರಾಜಿ ಮಾಡಿಸೋಕೆ ಯಾರು? ಎಲ್ಲರ ಬಾಯಲ್ಲೂ ಒಂದೇ ಹೆಸರು: ಏಳನೇ ಮಹಡಿ ಅಜ್ಜಿ. ಮೂವತ್ತು ವರ್ಷದಿಂದ ಕಟ್ಟಡದ ಗಂಡ ಹೆಂಡಿರ ಜಗಳವನ್ನೆಲ್ಲ ಅವರೇ ಬಗೆಹರಿಸಿರೋದು. ಕಾರ್ಯದರ್ಶಿ ರಾಜಿ ಪಾತ್ರಕ್ಕೆ ಅಜ್ಜಿಯ ಹೆಸರು ನಮೂದಿಸಿದರು. ಪರದೆ ಹೇಳಿತು: "ಅಭಿನಂದನೆಗಳು. ರಾಜಿಗೂ, ಈ ಪಾತ್ರ ಬದಲಿಸಲೂ ಪಾತ್ರಧಾರಿಯ ಹೆಬ್ಬೆಟ್ಟೇ ಬೇಕು."

ಹೂಂ, ಒಗಟಿನ ಉತ್ತರ ಅದೇ. ಅಜ್ಜಿಯ ಹೆಬ್ಬೆಟ್ಟು.

"ಸ್ಕ್ರೂ ಬಿಚ್ಚಿ ಯಂತ್ರ ಮೇಲಕ್ಕೆ ತಗೊಂಡ್ ಹೋಗ್ಲಾ ಸಾರ್? ಐದೇ ನಿಮಿಷ," ಅಂದ ಮೆಕ್ಯಾನಿಕ್.

"ನಿನ್ನ ಪಾತ್ರ ಏನಯ್ಯಾ? 'ಹಣ ಪಡೆಯುವವರು'. ಸುಮ್ನೆ ಪಡಿ. ಬಿಚ್ಚೋ ಹಕ್ಕು ನಿನಗಿಲ್ಲ," ಅಂದರು ಅಧ್ಯಕ್ಷರು.

"ಅಜ್ಜೀನ ಕುರ್ಚಿ ಮೇಲೆ ಕೂರಿಸಿ ನಾವಿಬ್ರು ಹೊತ್ಕೊಂಡ್ ಬರ್ತೀವಿ," ಅಂದ ವಾಚ್‌ಮನ್.

"ಕುರ್ಚಿ ಸಂಘದ ಆಸ್ತಿ. ಮಹಡಿ ಬದಲಾಯಿಸಿದ್ರೆ ಲೆಕ್ಕ ಬದಲಾಗುತ್ತೆ. ಅದಕ್ಕೂ ರಾಜಿ ಬೇಕು."

ಅಷ್ಟರಲ್ಲಿ ಅಜ್ಜಿ ಮೇಲಿನ ಕಿಟಕಿಯಿಂದ ಕೂಗಿದರು: "ಲೇ, ಕೆಂಪು ಸೀರೆ ಉಟ್ಟಿದ್ದೀನಿ ಕಣೇ! ಕಾಣ್ತಾ?"

"ಕಾಣುತ್ತೆ ಕಣಕ್ಕಾ!" ಅಂತ ತಂಗಿ ನೀರಿನ ಟ್ಯಾಂಕಿನ ಕಡೆ ಕೈ ಬೀಸಿದರು.

ಇದನ್ನು ಕಂಡು ಸಂಘದ ಮನ ಕರಗಿತು. ತುರ್ತು ಸಭೆ ಸೇರಿ, ಮಾನವೀಯ ನೆಲೆಯಲ್ಲಿ, ತಂಗಿಯವರಿಗೆ ಸಾಫ್ಟ್‌ವೇರಿನಲ್ಲಿ 'ನೋಡುವ ಹಕ್ಕು' ಮಂಜೂರು ಮಾಡಲಾಯಿತು. ಆದೇಶಕ್ಕೆ ಗಾಜಿನ ಕಟ್ಟು ಹಾಕಿಸಿ ಅವರ ಕೈಗಿತ್ತರು. ಅವರು ಅದನ್ನು ತಲೆಕೆಳಗಾಗಿ ಹಿಡಿದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೆಕ್ಯಾನಿಕ್ಕೂ ತಟ್ಟಿದ.

ಆಮೇಲೆ, ಎಲ್ಲರೂ ಟೀ ಕುಡಿಯೋವಾಗ, ಮೆಕ್ಯಾನಿಕ್ ನಾಲ್ಕೂ ಸ್ಕ್ರೂ ಬಿಚ್ಚಿ ಯಂತ್ರ ಬಗಲಲ್ಲಿಟ್ಟುಕೊಂಡು ಏಳು ಮಹಡಿ ಓಡಿದ. ಅಜ್ಜಿ ಒತ್ತಿದರು. ದುಡ್ಡು ಬಿತ್ತು, ಮೋಟರು ಕೂತಿತು, ಲಿಫ್ಟು ಇಳಿಯಿತು. ತಂಗಿ ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಕುವಷ್ಟು ಹತ್ತಿರ ನೋಡಿ, "ಮುದುಕಿ ಆಗ್ಬಿಟ್ಟಿದ್ದೀಯಲ್ಲೇ ಅಕ್ಕಾ," ಅಂದರು.

ಸ್ಕ್ರೂ ಬಿಚ್ಚಿದ್ದು, ಅದರ ಮುಂದಿನದು, ಎಲ್ಲ ನಾನು ಕಟ್ಟಿದ ಕತೆ. ಚಪ್ಪಾಳೆವರೆಗೆ ನಿಜ.