ನೀರು ತಾಗದ ನಾವಿಕರು

ಕಾರವಾರದ ಕಡಲತೀರದಲ್ಲಿ ಹುಡುಗರಿಗೆ ಹಾಯಿದೋಣಿ ಕಲಿಸುತ್ತೇನೆಂದು ಕೂತವನು ನಗೆಪಾಟಲಾಗಲು ಸಂದರ್ಭಗಳನ್ನು ಹುಡುಕಬೇಕಿಲ್ಲ. ಅವು ಚಪ್ಪಲಿ ಕೈಯಲ್ಲಿ ಹಿಡಿದು ತಾವೇ ಮರಳು ದಾಟಿ ಬರುತ್ತವೆ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಹಡಗಿನ ಕೆಲಸ ಬಿಟ್ಟು ಊರಿಗೆ ಬಂದಿದ್ದ ನನ್ನನ್ನು ಇಲ್ಲಿನ ಸಣ್ಣ ಕ್ಲಬ್ಬೊಂದು ಮಾಸ್ತರನನ್ನಾಗಿ ಇಟ್ಟುಕೊಂಡಿತು. ಯುವಜನ ಮತ್ತು ಕ್ರೀಡಾ ಇಲಾಖೆಯವರು ಕೊಟ್ಟ ಮೂರು ಪುಟ್ಟ ಹಾಯಿದೋಣಿಗಳು ನಮ್ಮಲ್ಲಿದ್ದವು. ಬೇಸಿಗೆ ಶಿಬಿರಕ್ಕೆ ಮುಂಚೆ ಒಂದು ಪತ್ರ ಬಂತು. ಶಿಬಿರದ ಕೊನೆಗೆ ಅಧಿಕಾರಿ ಬರುತ್ತಾರೆ, ಕಲಿತ ಯುವಕರಲ್ಲಿ ಒಬ್ಬನಾದರೂ ಒಂಟಿಯಾಗಿ ದೋಣಿ ನಡೆಸಿ ತೋರಿಸದಿದ್ದರೆ ಮೂರನ್ನೂ ಲಾರಿಗೆ ಹೇರಿ ಘಟ್ಟದ ಮೇಲಿನ ಯಾವುದೋ ಕೆರೆಗೆ ಒಯ್ಯುತ್ತಾರೆ ಎಂದು. ಕಡಲ ದೋಣಿ ಕೆರೆಯಲ್ಲಿ ಸುತ್ತುವುದನ್ನು ನೆನೆದೇ ನನಗೆ ಹೊಟ್ಟೆ ಉರಿಯಿತು.

ಥಿಯರಿ ಸಾಕು

ಒಬ್ಬನೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ನಲವತ್ತು ಅರ್ಜಿ ಬಂದವು. ಯುವಜನರಿಗೆ ಸಮುದ್ರದ ಮೇಲೆ ಪ್ರೀತಿ ಉಕ್ಕಿದೆ ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಂಡೆ. ಮಾರನೇ ದಿನವೇ ಕಾರಣ ತಿಳಿಯಿತು. ನಮ್ಮ ಸರ್ಟಿಫಿಕೇಟ್ ಇದ್ದರೆ ಕ್ರೀಡಾ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ಖಾತ್ರಿ ಎಂದು ಅಂಕೋಲಾ ಪೇಟೆಯಲ್ಲಿ ಯಾರೋ ಸುದ್ದಿ ಹಬ್ಬಿಸಿದ್ದರು.

ಅಂಕೋಲೆಯ ಮಾವಿನಹಣ್ಣಿನ ವ್ಯಾಪಾರಿಯೊಬ್ಬರು ಮಗನನ್ನು ಕರೆದುಕೊಂಡು ಬಂದರು. ಅರ್ಜಿಯನ್ನು ಎರಡು ಸಲ ಓದಿದರು. ಸಮುದ್ರ ಎಷ್ಟು ಆಳ, ಪರೀಕ್ಷೆ ಎಷ್ಟು ಮಾರ್ಕಿನದು ಎಂದೆಲ್ಲ ವಿಚಾರಿಸಿದರು. ಕಡೆಗೆ ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದರು.

"ಮಾಸ್ತರೇ, ಥಿಯರಿ ಎಷ್ಟು ಬೇಕಾರೂ ಮಾಡಿ. ಪ್ರಾಕ್ಟಿಕಲ್ ಒಂದು ಬ್ಯಾಡ. ಅಂವಂಗೆ ನೀರು ಆಗೂದಿಲ್ಲ."

ಮಿಸ್ಡ್ ಕಾಲ್

ಹಟ್ಟಿಕೇರಿಯಿಂದ ಹೊಸ ಬೈಕಿನಲ್ಲಿ ಬರುತ್ತಿದ್ದ ಕಾಲೇಜು ಹುಡುಗನ ಮೊದಲ ಪ್ರಶ್ನೆ, ದೋಣಿ ಲೀಟರಿಗೆ ಎಷ್ಟು ಕೊಡುತ್ತದೆ ಎಂಬುದು. ಇದು ಗಾಳಿಗೆ ಹೋಗುವ ದೋಣಿ, ಪೆಟ್ರೋಲ್ ಬೇಡ ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಅವನನ್ನು ದೋಣಿಯಲ್ಲಿ ಕೂರಿಸಿದ ಹೊತ್ತಿಗೆ ಸರಿಯಾಗಿ ಗಾಳಿ ಬಿದ್ದುಹೋಯಿತು. ಕಾಯಬೇಕು ಎಂದೆ. ಎಷ್ಟು ಹೊತ್ತು ಎಂದು ಕೇಳಿದ. ಗಾಳಿ ಬರುವ ತನಕ ಎಂದೆ. ಐದು ನಿಮಿಷ ಮೊಬೈಲಿನಲ್ಲಿ ಹಾವಿನ ಆಟ ಆಡಿ ಎದ್ದು ನಿಂತ. ಗಾಳಿ ಬಂದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಿ, ಬಂದುಬಿಡುತ್ತೇನೆ ಎಂದು ನನಗೇ ಅಪ್ಪಣೆ ಮಾಡಿ ಹೋದ.

ಮರುದಿನ ಮಧ್ಯಾಹ್ನ ಪಡುಗಾಳಿ ಚೆನ್ನಾಗಿ ಎದ್ದಿತು. ನಾಚಿಕೆ ಬಿಟ್ಟು ಮಿಸ್ಡ್ ಕಾಲ್ ಕೊಟ್ಟೆ. ಪುಣ್ಯಾತ್ಮ ತಿರುಗಿ ಫೋನ್ ಮಾಡಿದ.

"ಸರ್, ಇವತ್ತು ಬರೂಕೆ ಆಗೂದಿಲ್ಲ. ಗಾಳಿ ಭಾರೀ ಅದೆ."

ಬಿಳಿ ಪರದೆ

ಮೂರನೇ ವಾರ ಒಂದು ಬೆಳಿಗ್ಗೆ ನೋಡಿದರೆ ಒಂದು ದೋಣಿಯ ಹಾಯಿಯೇ ಇಲ್ಲ. ಹುಡುಕಿಕೊಂಡು ಹೋದೆ. ಅದು ಮೈದಾನದಲ್ಲಿ ಎರಡು ಬಿದಿರಿನ ನಡುವೆ ನಿಂತಿತ್ತು. ಕ್ರಿಕೆಟ್ ಪಂದ್ಯಕ್ಕೆ ಚೆಂಡು ಕಾಣಲೆಂದು ಬೌಲರಿನ ಹಿಂದೆ ಬಿಳಿ ಪರದೆ ಬೇಕಲ್ಲ, ನಮ್ಮ ಶಿಬಿರದ ಹುಡುಗರೇ ಒಯ್ದು ಕಟ್ಟಿದ್ದರು. ಮೇಲೆಲ್ಲ ಚೆಂಡಿನ ಕೆಂಪು ಮುದ್ರೆ. ಬಾಯಿಗೆ ಬಂದಂತೆ ಬೈದೆ. ತಂಡದ ನಾಯಕ ತಾಳ್ಮೆಯಿಂದ ಕೇಳಿಸಿಕೊಂಡು ನನಗೆ ಸಮಾಧಾನ ಹೇಳಿದ. "ಸಿಟ್ಟಾಗ್ಬೇಡಿ ಸರ್. ಇಷ್ಟು ಹುಡುಗ್ರು ನಿಮ್ಮ ಹಾಯಿ ಕಡೆ ಕಣ್ಣಿಟ್ಟು ನೋಡಿದ್ದು ಇದೇ ಮೊದಲು."

ಹಬ್ಬುವಾಡದ ಕೊಡೆ

ಶಿಬಿರಕ್ಕೆ ಒಂದು ದಿನವೂ ತಪ್ಪಿಸದೆ ಬಂದವರು ಇಬ್ಬರೇ. ಹಬ್ಬುವಾಡದ ಒಬ್ಬ ಹುಡುಗ, ಮತ್ತು ಅವನಿಗೆ ಕೊಡೆ ಹಿಡಿಯಲು ಅವನ ತಾಯಿ. ಮಗ ಮರಳಿನಲ್ಲಿ ಕೂತು ನಾನು ಹೇಳಿದ್ದನ್ನೆಲ್ಲ ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ದೋಣಿ ಹತ್ತು ಎಂದರೆ ನೆಗಡಿ ಎನ್ನುತ್ತಿದ್ದ. ತಾಯಿ ಮಾತ್ರ, ನಾನು ದೋಣಿ ತಿರುಗಿಸಿ ತೋರಿಸುವಾಗ ಲೊಚಗುಟ್ಟುತ್ತಿದ್ದರು. ತಮ್ಮ ಅಪ್ಪ ಹಾಯಿದೋಣಿಯಲ್ಲೇ ಮೀನಿಗೆ ಹೋಗುತ್ತಿದ್ದರೆಂದೂ, ತಿರುವಿನಲ್ಲಿ ನಾನು ಹಾಯಿಯ ಹಗ್ಗ ಬಿಡುವುದು ತಡವಾಯಿತೆಂದೂ ಒಮ್ಮೆ ಹೇಳಿದರು. ಹಡಗಿನಲ್ಲಿ ಹದಿನೈದು ವರ್ಷ ದುಡಿದವನಿಗೆ ಪಾಠ ಹೇಳಬೇಡಿ ಎಂದು ನಾನು ಮುಖ ತಿರುಗಿಸಿದ್ದೆ.

ಪರೀಕ್ಷೆಯ ದಿನ ಬಂತು. ರಸ್ತೆ ಬದಿಗೆ ಖಾಲಿ ಲಾರಿ, ಅದರಲ್ಲಿ ಹಗ್ಗದ ಸುರುಳಿ. ಅಧಿಕಾರಿ ಆಗಲೇ ಗಡಿಯಾರ ನೋಡುತ್ತಿದ್ದರು. ನಲವತ್ತು ಜನರಲ್ಲಿ ಬಂದವನು ಹಬ್ಬುವಾಡದವನೊಬ್ಬನೇ. ದೂರದಲ್ಲಿ ತೇಲಿಬಿಟ್ಟ ಕೆಂಪು ಡ್ರಮ್ಮನ್ನು ಸುತ್ತಿ ಬಂದರಾಯಿತು ಎಂದು ಗೋಗರೆದೆ, ಕೈಮುಗಿಯುವುದೊಂದು ಬಿಟ್ಟು ಎಲ್ಲ ಮಾಡಿದೆ. ಅವನು ಕಾಲ್ಬೆರಳನ್ನು ನೀರಿಗೆ ಮುಟ್ಟಿಸಿ ಹಿಂದಕ್ಕೆ ಎಳೆದುಕೊಂಡ. "ಆಯೀ, ತಂಪದೆ," ಎಂದ ತಾಯಿಗೆ. ನಾನೇ ಹೋಗಿ ಬರುತ್ತೇನೆ ಸ್ವಾಮಿ ಎಂದೆ. ಅಧಿಕಾರಿ ನನ್ನ ಬೋಳುತಲೆ ನೋಡಿ, ನಿಮ್ಮನ್ನು ಯುವಜನ ಎಂದು ಹೇಗೆ ಬರೆಯಲಿ ಎಂದು ಲಾರಿಯವನಿಗೆ ಸನ್ನೆ ಮಾಡಿದರು. ನನಗೆ ಅಳುವೇ ಬಂತು.

ಆಗ ಆ ತಾಯಿ ಕೊಡೆಯನ್ನು ಅಧಿಕಾರಿಯ ಕೈಗೆ ಕೊಟ್ಟರು. ಸೀರೆಗೆ ಕಚ್ಚೆ ಹಾಕಿ, ದೋಣಿಯನ್ನು ನೀರಿಗೆ ತಳ್ಳಿ ಹತ್ತಿಯೇ ಬಿಟ್ಟರು. ಮೊದಲು ಸ್ವಲ್ಪ ತಡವರಿಸಿದರು. ಆಮೇಲೆ ಹಾಯಿ ಗಾಳಿ ತುಂಬಿಕೊಂಡಿತು. ಡ್ರಮ್ಮಿನ ಹತ್ತಿರ, ನಾನು ತಡಮಾಡುತ್ತಿದ್ದ ಆ ತಿರುವಿನಲ್ಲೇ, ಸರಿಯಾದ ಹೊತ್ತಿಗೆ ಹಗ್ಗ ಸಡಿಲಿಸಿ ಸಲೀಸಾಗಿ ತಿರುಗಿದರು. ದಡದಲ್ಲಿ ನಾನು ನಾಚಿಕೆಯಿಂದಲೂ ಸಂತೋಷದಿಂದಲೂ ಬೆಪ್ಪಾಗಿ ನಿಂತಿದ್ದೆ. ಕೊಡೆ ಹಿಡಿದಿದ್ದ ಅಧಿಕಾರಿಯ ನೆರಳಿನಲ್ಲಿ ಮಗ ಬಿಸ್ಕತ್ತು ತಿನ್ನುತ್ತಿದ್ದ.

ಸೊಂಟದ ತನಕ ಒದ್ದೆಯಾಗಿ ಅವರು ಇಳಿದರು. ಅಧಿಕಾರಿ ಪೆನ್ನು ತೆಗೆದು ಹೆಸರು ಕೇಳಿದರು. ಅವರು ಮಗನ ಹೆಸರು ಹೇಳಿದರು. ಅಧಿಕಾರಿ ತಲೆ ಎತ್ತಿದರು.

"ಅಂವನ ಸೈನ್ಸ್ ರೆಕಾರ್ಡಿನ ಚಿತ್ರ ಎಲ್ಲ ತೆಗ್ದದ್ದು ನಾನೇ. ಇದೂ ಹಂಗೇ. ಅಂವನ ಹೆಸ್ರೇ ಬರೀರಿ."

ಊಟಕ್ಕೆ ತಡವಾಗಿದ್ದ ಅಧಿಕಾರಿ ಬರೆದೇ ಬಿಟ್ಟರು. ಲಾರಿ ಖಾಲಿಯಾಗಿ ಘಟ್ಟ ಹತ್ತಿತು. ಮೂರು ದೋಣಿಯೂ ನಮಗೇ ಉಳಿದವು. ಜಿಲ್ಲೆಯ ಏಕೈಕ ಯುವ ನಾವಿಕನಿಗೆಂದು ನಾನು ಸರ್ಟಿಫಿಕೇಟ್ ಚಾಚಿದಾಗ ತಾಯಿ ತಮ್ಮ ಹಸಿ ಕೈಗಳನ್ನು ಹಿಂದಕ್ಕೆ ಎಳೆದುಕೊಂಡು ಮಗನತ್ತ ತಿರುಗಿದರು.

"ನೀನೇ ಹಿಡಿ ಬಾಬೂ. ಹುಷಾರು, ನೀರು ತಾಗಿಸ್ಬೇಡ."