ಎಣ್ಣೆ ಮಣೆಯ ಮೇಲೆ ಇಬ್ಬರು ಬೀಗರು

ಕಾಯಿಲೆಗಳಲ್ಲಿ ಜಗಲಿಯ ಮೇಲೆ ಕೂತು ಹೇಳಿಕೊಳ್ಳುವಂಥವು, ಹೇಳಿಕೊಳ್ಳಲಾಗದಂಥವು ಎಂದು ಎರಡು ಜಾತಿಗಳಿವೆ. ಸಕ್ಕರೆ ಕಾಯಿಲೆ ಮೊದಲನೆಯ ಜಾತಿಯದು. ಅದು ಬಂದವನು ಚೆನ್ನಾಗಿ ಉಂಡವನೆಂದು, ಅಂದರೆ ಉಣ್ಣಲು ಅವನ ಮನೆಯಲ್ಲಿ ಇತ್ತೆಂದು, ಊರಿಗೆಲ್ಲ ತಿಳಿಯುತ್ತದೆ. ರಕ್ತದ ಒತ್ತಡಕ್ಕೂ ಮರ್ಯಾದೆ ಇದೆ. ಮಂಡಿನೋವು ಎಂದರೆ ಎದುರಿಗಿದ್ದವರೂ ತಮ್ಮ ಮಂಡಿ ಸವರಿಕೊಳ್ಳುತ್ತಾರೆ, ಹೊತ್ತು ಹಾಯಾಗಿ ಕಳೆಯುತ್ತದೆ. ನನಗೆ ಬಂದದ್ದು ಮಾತ್ರ ಎರಡನೆಯ ಜಾತಿಯದು. ಅದನ್ನು ನಾನು ಎರಡು ವರ್ಷ ಕೋಟಿನ ಒಳಗೆ ಬಚ್ಚಿಟ್ಟುಕೊಂಡು ತಿರುಗಿದೆ. ಈಗ ಹೇಳುತ್ತಿದ್ದೇನೆ. ಹೇಳಲು ನಾಚಿಕೆಯಿಲ್ಲ ಎನ್ನುವುದಕ್ಕಿಂತ, ಸ್ವಲ್ಪ ಜಂಬವೇ ಇದೆ ಎಂದರೆ ನಿಜಕ್ಕೆ ಹತ್ತಿರ.

ಶಿಕಾರಿಪುರದ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಅರವತ್ತು ತುಂಬುವ ಹೊತ್ತಿಗೆ ನನಗೆ ನೀರಿನ ಬಾಧೆ ಶುರುವಾಯಿತು. ಯಾರೋ ಹೆಣ್ಣುಮಗಳು ಸೀರೆಯ ಸೆರಗು ಬಿಡಿಸಿ ನೋಡುತ್ತಿರುವಾಗಲೇ ನಾನು "ಬಂದೆ ತಾಯಿ" ಎಂದು ಹಿತ್ತಲಿಗೆ ಓಡಬೇಕು. ಓಡಿದ ಮೇಲೆ ಅಲ್ಲಿ ನಿಂತೇ ನಿಂತಿರಬೇಕು. ತಿರುಗಿ ಬರುವಷ್ಟರಲ್ಲಿ ಆಕೆ ಎದುರಂಗಡಿಯಲ್ಲಿ ಕೂತು ಇನ್ನೊಂದು ಸೆರಗು ಬಿಡಿಸುತ್ತಿರುತ್ತಿದ್ದಳು. ಬಸ್ಸಿನ ಪ್ರಯಾಣದ ಮಾತಂತೂ ಬೇಡ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಯಾವ ಊರಿನಲ್ಲಿ ಯಾವ ದೇವರಿದ್ದಾನೆಂದು ಕೇಳಿದರೆ ನಾನು ತಡವರಿಸುತ್ತೇನೆ. ಯಾವ ತಿರುವಿನಲ್ಲಿ ದಪ್ಪ ಬೊಡ್ಡೆಯ ಮರವಿದೆ ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತರೆ ಉಳಿದವರು ಕಾಫಿಗೆ ಇಳಿಯುತ್ತಿದ್ದರು, ನಾನು ಮೋಕ್ಷಕ್ಕೆ ಇಳಿಯುತ್ತಿದ್ದೆ.

ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆ. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮುಗಿಸಿ, "ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರುತ್ತೆ. ಗಂಡಸರಿಗೆ ಮಾತ್ರ ಇರೋದು. ಅದರಲ್ಲಿ ನಿಮಗೆ ಕ್ಯಾನ್ಸರ್" ಎಂದರು. ಕೊನೆಯ ಪದ ಕೇಳಿ ಕೈಕಾಲು ತಣ್ಣಗಾದವು. ಆದರೂ ನನ್ನ ಸ್ವಭಾವ ನೋಡಿ, ನಡುವಿನ ಮಾತು ಕೇಳಿ ಒಂದು ಗಳಿಗೆ ಕೈ ಮೀಸೆಯ ಮೇಲೆ ಹೋಗಿತ್ತು. ಆಪರೇಷನ್ ಮಾಡಿ ನೀರಿನ ದಾರಿ ಬಿಡಿಸಿದರು. ದಿನಾ ನುಂಗಲು ಮಾತ್ರೆ ಕೊಟ್ಟು, ಇದನ್ನು ಬಿಡಕೂಡದು, ಬಿಟ್ಟರೆ ಕಾಯಿಲೆ ಎಲುಬಿಗೆ ಇಳಿದು ಪ್ರಾಣಕ್ಕೇ ಬರುತ್ತದೆ ಎಂದು ಎಚ್ಚರಿಸಿದರು. ಮಾತ್ರೆಯಲ್ಲಿ ಏನಿದೆ ಎಂದು ಕೇಳಿದೆ. "ಹೆಂಗಸರ ಮೈಯಲ್ಲಿ ಇರೋ ಸತ್ವ" ಎಂದರು. ಗಂಡಸರಿಗೆ ಮಾತ್ರ ಬರುವ ಕಾಯಿಲೆಗೆ ಹೆಂಗಸರ ಮದ್ದು. ಮೀಸೆಯ ಮೇಲಿದ್ದ ಕೈ ತಾನಾಗಿ ಕೆಳಗಿಳಿಯಿತು. ಊರಿಗೆ ಬಂದು ಹರ್ನಿಯಾ ಆಪರೇಷನ್ ಆಯಿತೆಂದು ಸಾರಿದೆ. ಹರ್ನಿಯಾ ಮೊದಲನೆಯ ಜಾತಿಗೆ ಸೇರದಿದ್ದರೂ ಅದರ ಪಕ್ಕದ ಬೀದಿಯಲ್ಲಾದರೂ ವಾಸವಾಗಿರುವಂಥದು.

ಮಾತ್ರೆ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ನೋವು ಹೋಯಿತು, ಹಸಿವು ಬಂತು, ನಿದ್ದೆ ಬಂತು. ಜೊತೆಗೆ, ಹೇಗೆ ಹೇಳಲಿ, ಎದೆಯೂ ಬಂತು. ಬಂದದ್ದು ಸುಮ್ಮನೆ ಇರಲಿಲ್ಲ, ಅಂಗಿಯ ಗುಂಡಿ ತಗುಲಿದರೂ ಜೀವ ಹೋಗುವಂತೆ ನೋಯುತ್ತಿತ್ತು. ಅಂದಿನಿಂದ ನಾನು ಕೋಟು ಹಾಕಿಕೊಳ್ಳಲು ಶುರುಮಾಡಿದೆ, ವೈಶಾಖದ ಬಿಸಿಲಿನಲ್ಲೂ. "ಸಾಹುಕಾರ್ರು ಈಗೀಗ ಭಾಳ ಶಿಸ್ತಾಗ್ಯಾರೆ" ಎಂದು ಪೇಟೆಯವರು ಮೆಚ್ಚಿಕೊಂಡರು. ಅದರ ಮೇಲೆ ಸೆಕೆಯ ಕಾಟ. ಪುಷ್ಯಮಾಸದ ಚಳಿಯಲ್ಲಿ, ಕೂತಲ್ಲೇ ಹೊಟ್ಟೆಯೊಳಗಿಂದ ಕಾವು ಎದ್ದು ಮುಖಕ್ಕೇರಿ, ಮೈಯೆಲ್ಲ ಬೆವರಿಬಿಡುತ್ತಿತ್ತು. ಅಂಜನಾಪುರದ ಗಿರಾಕಿಯೊಬ್ಬ ಧೋತರದ ಜೋಡಿಗೆ ಚೌಕಾಸಿ ಮಾಡುತ್ತಿದ್ದಾಗ ಹೀಗೇ ಆಯಿತು. ನನ್ನ ಹಣೆಯ ಬೆವರು ನೋಡಿ, ತಾನು ಕೇಳಿದ ಬೆಲೆ ಸರಿಯಾದ ಜಾಗಕ್ಕೆ ನಾಟಿದೆ ಎಂದುಕೊಂಡು ಆತ ಇನ್ನೂ ಇಳಿಸಿದ. ನಾನು ಇನ್ನೂ ಬೆವೆತೆ. ಇವನು ಹೋದರೆ ಸಾಕೆಂದು ಕೇಳಿದ ಬೆಲೆಗೆ ಕೊಟ್ಟು ಕಳಿಸಿದೆ. ಮುಂದಿನ ವಾರದಿಂದ ಅಂಜನಾಪುರದವರೆಲ್ಲ ನನ್ನ ಅಂಗಡಿಗೇ ಬರತೊಡಗಿದರು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಊಟಕ್ಕೆ ಕೂತಾಗ ಆ ಕಾವು ಎದ್ದಿತು. ನನ್ನ ಹೆಂಡತಿ ಗಿರಿಜಮ್ಮ ರೊಟ್ಟಿ ತಟ್ಟುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇರುವ ನನ್ನ ಅಕ್ಕ ಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದಳು. ಇಬ್ಬರೂ ನನ್ನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು.

"ತಮ್ಮಾ, ಒಳಗಿಂದ ಉರಿ ಎದ್ದಂಗಾಗಿ, ಆಮೇಲೆ ಬೆವರಿ ಚಳಿ ಹತ್ತುತ್ತದಲ್ಲ?" ಎಂದು ಅಕ್ಕ ಕೇಳಿದಳು.

"ನಿನಗೆ ಹ್ಯಾಗೆ ಗೊತ್ತು?"

"ಐವತ್ತು ದಾಟಿದ ಯಾವ ಹೆಂಗಸನ್ನ ಬೇಕಾದ್ರೂ ಕೇಳು. ಮುಟ್ಟು ನಿಲ್ಲೋ ಕಾಲಕ್ಕೆ ನಮಗೆಲ್ಲ ಆಗಿದ್ದೇ ಇದು."

"ನನಗೆ ಮೂರು ವರ್ಷ ಇತ್ತಲ್ರೀ" ಎಂದಳು ಗಿರಿಜಮ್ಮ, ರೊಟ್ಟಿ ಮಗುಚುತ್ತ. "ಬೀಸಣಿಗೆ ಸದ್ದಿಗೆ ನಿದ್ದೆ ಬರಲ್ಲ ಅಂತ ನೀವು ಪಡಸಾಲೇಲಿ ಮಲಗ್ತಿದ್ರಿ. ಆ ಬೀಸಣಿಗೆ ಇನ್ನೂ ಐತಿ, ತಗೊಳ್ರಿ."

ಹೀಗೆ ಅರವತ್ತು ದಾಟಿದ ಮೇಲೆ ನಾನು ಅಡುಗೆಮನೆಯ ಶಾಲೆಗೆ ಸೇರಿದೆ. ಗಾಳಿ ಬರುವ ಹಿತ್ತಲ ಬಾಗಿಲ ಬಳಿ ನನಗೆ ಜಾಗವಾಯಿತು. ಸಂಜೆಯ ಮೇಲೆ ಕಾಫಿ ಕುಡಿಯಬಾರದು, ತಣ್ಣನೆಯ ಮಜ್ಜಿಗೆ ಹತ್ತಿರ ಇಟ್ಟುಕೊಳ್ಳಬೇಕು, ಕಾರಣವಿಲ್ಲದೆ ಅಳು ಬಂದರೆ ಈರುಳ್ಳಿ ಹೆಚ್ಚಲು ಕೂರಬೇಕು, ಆಗ ಯಾರೂ ಏಕೆಂದು ಕೇಳುವುದಿಲ್ಲ. ಈ ಕೊನೆಯದು ಎಂಥ ಪಾಠವೆಂದು ಅತ್ತವರಿಗೇ ಗೊತ್ತು. ಗಿರಿಜಮ್ಮ ನನ್ನ ಅಂಗಡಿಯಿಂದಲೇ ತೆಳ್ಳನೆಯ ಮಲ್ ಬಟ್ಟೆ ತರಿಸಿ, ಮತ್ತೆ ಮತ್ತೆ ಒಗೆದು ಮೆತ್ತಗೆ ಮಾಡಿ, ಎದೆಗೆ ಆತುಕೊಳ್ಳುವಂತೆ ಒಂದು ಒಳಂಗಿ ಹೊಲಿದಳು. "ಇದು ರವಿಕೆ ಕಣೇ" ಎಂದೆ. "ತೋಳಿಲ್ಲ, ರವಿಕೆ ಹ್ಯಾಗಾಗ್ತದೆ?" ಎಂದಳು. ತೊಟ್ಟ ದಿನವೇ ನೋವು ಅರ್ಧಕ್ಕೆ ಇಳಿಯಿತು. ಜೀವಮಾನವಿಡೀ ಬಟ್ಟೆ ಮಾರಿದ ನನಗೆ ಯಾವ ಬಟ್ಟೆ ಯಾತಕ್ಕೆಂದು ಅಂದು ತಿಳಿಯಿತು.

ಮಾತ್ರೆ ಇನ್ನೊಂದನ್ನು ಕಸಿದುಕೊಂಡಿತ್ತು. ಅದನ್ನು ಬಿಡಿಸಿ ಹೇಳಬೇಕಿಲ್ಲ, ಸಂಸಾರಸ್ಥರಿಗೆ ಅರ್ಥವಾಗುತ್ತದೆ. ಅದಕ್ಕಾಗಿ ಬಹಳ ದಿನ ನಾನು ಗಿರಿಜಮ್ಮನ ಮುಖ ನೋಡಲು ಹಿಂಜರಿಯುತ್ತಿದ್ದೆ. ಒಂದು ದಿನ ಅವಳು ಎಲೆಗೆ ಸುಣ್ಣ ಹಚ್ಚುತ್ತ, ನಾನು ಏನೂ ಕೇಳದಿದ್ದರೂ, "ನೀವು ಎದುರಿಗೆ ಕೂತು ಉಣ್ತೀರಲ್ಲ, ನನಗೆ ಅದು ಸಾಕು" ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಮೇಲೆ ಅಷ್ಟು ಪ್ರೀತಿ ಬಂದ ದಿನ ಇನ್ನೊಂದಿಲ್ಲ. ಆ ದಿನ ಈರುಳ್ಳಿಯ ಖರ್ಚು ಮನೆಯಲ್ಲಿ ಜಾಸ್ತಿಯಾಯಿತು.

ಇದೆಲ್ಲ ಅಡುಗೆಮನೆಯ ನಾಲ್ಕು ಗೋಡೆಯೊಳಗಿನ ಮಾತು. ಹೊರಗೆ ನಾನು ಕೋಟು ತೊಟ್ಟ ಹರ್ನಿಯಾ ಸಾಹುಕಾರನೇ. ಹೋದ ದೀಪಾವಳಿಗೆ ಮಾತ್ರ ಸಂಕಟಕ್ಕೆ ಬಂತು. ಮಗಳು ಸುಶೀಲೆಯನ್ನು ಆ ವರ್ಷವೇ ಸೊರಬಕ್ಕೆ ಕೊಟ್ಟಿದ್ದೆವು. ಮೊದಲ ದೀಪಾವಳಿಗೆ ಅಳಿಯ ಬಂದ, ಜೊತೆಗೆ ಅಳಿಯನ ತಂದೆ ಪಟೇಲ್ ವೀರಪ್ಪನವರೂ ಬಂದರು. ಬೀಗರೆಂದರೆ ಬೀಗರು, ಬಾಗಿಲು ತುಂಬುವ ಆಳು, ಕೆಮ್ಮಿದರೆ ಎತ್ತು ಕಿವಿ ನಿಮಿರಿಸುವ ಗಂಟಲು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಚತುರ್ದಶಿಯ ಬೆಳಗ್ಗೆ ಗಂಡಸರೆಲ್ಲ ಅಂಗಿ ಬಿಚ್ಚಿ ಮಣೆಯ ಮೇಲೆ ಸಾಲಾಗಿ ಕೂರಬೇಕು, ಹೆಂಗಸರು ಮೈಗೆ ಎಣ್ಣೆ ಹಚ್ಚಿ, ಆರತಿ ಎತ್ತಿ, ನೀರಿಗೆ ಕಳಿಸಬೇಕು. ಹಿಂದಿನ ವರ್ಷ ಶೀತವಾಗಿದೆಯೆಂದು ನೆತ್ತಿಗೆ ಮೂರು ಬೊಟ್ಟು ಎಣ್ಣೆ ಹಾಕಿಸಿಕೊಂಡು ಪಾರಾಗಿದ್ದೆ. ಈ ವರ್ಷಕ್ಕೂ ಅದೇ ಶೀತವನ್ನು ನಾಲ್ಕು ದಿನ ಮುಂಚಿನಿಂದ ಸೀನುತ್ತ ತಯಾರು ಮಾಡುತ್ತಿದ್ದೆ.

ಬಂದ ದಿನವೇ ಸುಶೀಲೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು. "ಅಪ್ಪಾ, ನಿಮ್ಮ ಮಾತ್ರೆ ಸೀಸೆನೇ ನಮ್ಮ ಮಾವಾರ ಪೆಟ್ಟಿಗೇಲೂ ಐತಿ. ಅವರಿಗೂ ಅದೇ ಕಾಯಿಲೆ. ಎದೆ ಬರೋಕೆ ಶುರುವಾಯ್ತು ಅಂತ ತಗೊಳ್ಳೋದು ಬಿಟ್ಟಾರೆ. ಸೊಂಟನೋವು ಮತ್ತೆ ಬಂದೈತಿ, ಏಳೋಕೂ ಆಗಲ್ಲ ಒಂದೊಂದು ದಿನ. ಅತ್ತೆ ಕೈಮುಗಿದು ಕೇಳಿದ್ರು. ಹೆಣ್ಣಾಗಿ ಬದುಕೋದಕ್ಕಿಂತ ಗಂಡಾಗಿ ಸಾಯ್ತೀನಿ ಅಂದ್ರಂತೆ." ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿದವು. ಹೊಸ ಮನೆಯಲ್ಲಿ ಅವಳನ್ನು ಮಗಳಂತೆ ನೋಡಿಕೊಂಡವರು ಆ ಮಾವ ಒಬ್ಬರೇ ಎಂದು ನಮಗೆ ಗೊತ್ತಿತ್ತು.

ಗಿರಿಜಮ್ಮ ನನ್ನ ಕಡೆ ತಿರುಗಿ, "ನೀವು ಹೇಳ್ರಿ ಅವರಿಗೆ" ಎಂದಳು.

"ಗಂಡಸರು ಗಂಡಸರು ಮಾತಾಡಿಕೊಳ್ತೀವಿ, ಬಿಡು" ಎಂದೆ ದೊಡ್ಡಸ್ತಿಕೆಯಿಂದ.

ಮರುದಿನ ಸಂಜೆ ಬೀಗರನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋದೆ. ಬತ್ತದ ಮಾತಾಯಿತು. ಸೊರಬದ ರಸ್ತೆಯ ಮಾತಾಯಿತು. ಹತ್ತಿರದ ಬಂದಳಿಕೆ ಊರಿನ ಹಳೆಯ ಶಾಸನಗಳಲ್ಲಿ ಏನು ಬರೆದಿದೆಯೆಂದು, ಇಬ್ಬರಿಗೂ ಓದಲು ಬಾರದಿದ್ದರೂ, ಬಹಳ ಹೊತ್ತು ವಾದಿಸಿದೆವು. ನಡುವೆ ಬೀಗರು, "ಆ ಕಬ್ಬು ಹ್ಯಾಂಗೆ ಬಂದದೆ ನೋಡಿ ಬರ್ತೆ" ಎಂದು ಒಂದು ಮರದ ಹಿಂದೆ ಹೋದರು. ನನಗೂ ಇನ್ನೊಂದು ಮರದ ಹಿಂದಿನ ಕಬ್ಬು ನೋಡುವ ಅಗತ್ಯ ಬಿದ್ದಿತು. ಇಬ್ಬರೂ ಬಹಳ ಹೊತ್ತು ಕಬ್ಬು ನೋಡಿದೆವು. ತಿರುಗಿ ಬಂದು, ಈ ಸಲ ಬೆಳೆ ಚೆನ್ನಾಗಿದೆ ಎಂದು ಒಪ್ಪಿಕೊಂಡೆವು. ಬರುವಾಗ ಅವರು ಸೊಂಟ ಹಿಡಿದುಕೊಂಡು ಎರಡು ಕಡೆ ಕೂತರು. ಆಗಲಾದರೂ ಬಾಯಿ ಬಿಡಬೇಕಿತ್ತು. "ನಿಮ್ಮ ಕಡೆ ಚಳಿ ಹೆಚ್ಚೋ, ನಮ್ಮ ಕಡೆ ಹೆಚ್ಚೋ?" ಎಂದು ಕೇಳಿದೆ. ಗಂಡಸರು ಗಂಡಸರು ಮಾತಾಡಿಕೊಳ್ಳುವುದೆಂದರೆ ಇಷ್ಟೇ.

ಬೆಳಗಾಯಿತು. ಪಡಸಾಲೆಯಲ್ಲಿ ಮೂರು ಮಣೆ ಹಾಕಿದ್ದರು, ಬೀಗರಿಗೆ, ನನಗೆ, ಅಳಿಯನಿಗೆ. ಅಳಿಯ ಆಗಲೇ ಅಂಗಿ ಬಿಚ್ಚಿ ನಡುಗುತ್ತ ಕೂತಿದ್ದ. ನಾನು ಕೋಟಿನಲ್ಲಿ, ಸೀನಲು ಸಿದ್ಧನಾಗಿ ಕೂತಿದ್ದೆ. ಅಕ್ಕ ಎಣ್ಣೆ ಬಟ್ಟಲು ಹಿಡಿದು ಮೊದಲು ಬೀಗರ ಬಳಿ ಹೋದಳು. ಅವರು ಶಾಲನ್ನು ಕುತ್ತಿಗೆವರೆಗೆ ಬಿಗಿದುಕೊಂಡು, "ನಂಗೆ ನೆತ್ತಿಗೆ ಮೂರು ಬೊಟ್ಟು ಹಾಕಿ ಸಾಕು. ಸ್ವಲ್ಪ ಶೀತ ಆಗದೆ" ಎಂದರು.

ನಾನು ಹೇಳಬೇಕೆಂದಿದ್ದ ಮಾತನ್ನು ನನ್ನದೇ ಪಡಸಾಲೆಯಲ್ಲಿ ಇನ್ನೊಬ್ಬರ ಬಾಯಿಂದ ಕೇಳಿದಾಗ ಅದು ಎಷ್ಟು ಬಡಪಾಯಿ ಸುಳ್ಳೆಂದು ಗೊತ್ತಾಯಿತು. ಆ ದೊಡ್ಡ ಆಳು ಶಾಲಿನೊಳಗೆ ಮುದುರಿಕೊಂಡು, ಸೊಸೆಯ ಕಣ್ಣು ತಪ್ಪಿಸುತ್ತಿದ್ದ. ಸುಶೀಲೆ ಆರತಿ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಮುಂದಿನ ವರ್ಷ ಈ ಮಣೆ ಖಾಲಿ ಇರುತ್ತದೆ ಎಂಬುದು ಅವಳ ಮುಖದಲ್ಲಿ ಇತ್ತು. ನಾನು ಕೋಟು ಬಿಚ್ಚಿದೆ. ಅಂಗಿ ಬಿಚ್ಚಿದೆ. ಗಿರಿಜಮ್ಮ ಹೊಲಿದ ಒಳಂಗಿಯನ್ನೂ ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟೆ. ಅಳಿಯನ ನಡುಕ ನಿಂತುಹೋಯಿತು. "ಅಕ್ಕಾ, ನನಗೆ ಮೊದಲು ಹಚ್ಚು. ಎದೆಗೆ ಮಾತ್ರ ಹಗೂರಕ್ಕೆ, ನೋಯ್ತದೆ" ಎಂದೆ.

ಬೀಗರು ನೋಡಿದರು. ನೋಡಿಯೇ ನೋಡಿದರು.

"ಮಾತ್ರೆಯದ್ದಾ?" ಎಂದರು ಕೊನೆಗೆ, ಆ ಗಂಟಲಿನಲ್ಲಿ ಅಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಹೌದ್ರಿ. ಎರಡು ವರ್ಷ ಆಯ್ತು."

"ಸೊಂಟನೋವು?"

"ಒಂದು ದಿನಾನೂ ಇಲ್ಲ. ನಿನ್ನೆ ನಿಮ್ಮ ಜೊತೆ ಅಷ್ಟು ದೂರ ನಡೆದೆ, ನೋಡಿದ್ರಲ್ಲ."

ಅಕ್ಕ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಲೇ, "ಎದೆ ಹ್ಯಾಗಾದರೂ ಇರ್ಲಿ ಬೀಗ್ರೆ, ಒಳಗೆ ಉಸಿರಾಡ್ತಿದ್ರೆ ಸಾಕು. ಶಾಲು ತೆಗೀರಿ, ಎಣ್ಣೆ ಆರ್ತದೆ" ಎಂದಳು. ಬೀಗರು ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಶಾಲು ಜಾರಿಸಿದರು. ಹೆಂಗಸರು ಯಾರೂ ಕತ್ತು ತಿರುಗಿಸಲಿಲ್ಲ, ಯಾರೂ ದಿಟ್ಟಿಸಲೂ ಇಲ್ಲ, ಪ್ರತಿ ವರ್ಷ ಹಚ್ಚುವಂತೆ ಎಣ್ಣೆ ಹಚ್ಚಿ ಆರತಿ ಎತ್ತಿದರು. ಆರತಿಯ ಬೆಳಕಿನಲ್ಲಿ ಮೈಯಿಂದ ಎಣ್ಣೆ ಸುರಿಸುತ್ತ ಕೂತ ನಮ್ಮಿಬ್ಬರನ್ನು ನೆನೆದರೆ ನನಗೆ ಇವತ್ತಿಗೂ ಹೆಮ್ಮೆ. ಮದುವೆಯಲ್ಲಿ ಜರಿ ಪೇಟ ಸುತ್ತಿ ನಿಂತಾಗಲೂ ನಾವು ಅಷ್ಟು ಗಂಡಸರಾಗಿ ಕಂಡಿರಲಿಲ್ಲ.

ಬೀಗರು ಅಂದು ರಾತ್ರಿಯಿಂದ ಮಾತ್ರೆ ಶುರುಮಾಡಿದರು. ಸಂಕ್ರಾಂತಿ ಕಳೆದ ಮೇಲೆ ಒಬ್ಬರೇ ಬಸ್ಸಿನಲ್ಲಿ ಬಂದಿಳಿದರು, ಸೊಂಟ ನೆಟ್ಟಗಿತ್ತು. ಬಂದವರು ಜಗಲಿಯಲ್ಲಿ ಕೂರದೆ ನೇರ ಅಡುಗೆಮನೆಗೆ ನಡೆದು, ಅಕ್ಕನಿಗೆ ಸೆಕೆಯ ವಿಚಾರ ಕೇಳಿ, ತಮಗೂ ಒಂದು ಒಳಂಗಿ ಬೇಕೆಂದರು. ಗಿರಿಜಮ್ಮ ದಾರ ಹಿಡಿದು, ಒಂದು ತುದಿ ಅವರ ಕೈಗೇ ಕೊಟ್ಟು ಅಳತೆ ತೆಗೆದಳು. ನೋಡಿ, "ಬೀಗ್ರದು ನಿಮಗಿಂತ ಒಂದು ಹಿಡಿ ಜಾಸ್ತಿ ಬೇಕು ರೀ" ಎಂದಳು.

ಬೀಗರು ಮೀಸೆ ತಿರುವಿದರು. "ಪಟೇಲರ ಮೈ ಅಲ್ವನ್ರೀ ಬೀಗ್ರೆ. ಎಂತ ಬಂದ್ರೂ ದೊಡ್ಡದಾಗೇ ಬರೋದು."

ನಾನು ನಕ್ಕೆ. ಆದರೆ ಸುಳ್ಳೇಕೆ ಹೇಳಲಿ, ಆ ಮಾತು ಇಡೀ ದಿನ ಕೊರೆಯಿತು. ಅವರಿಗಿಂತ ಎಷ್ಟೋ ಮೊದಲು ಮಾತ್ರೆ ಶುರುಮಾಡಿದವನು ನಾನು, ದಾರಿ ತೋರಿಸಿದವನು ನಾನು. ಬೀಗರು ಸೊರಬದ ಬಸ್ಸು ಹತ್ತಿದ ಮೇಲೆ ಅಡುಗೆಮನೆಗೆ ಬಂದು ಕೋಟು ಬಿಚ್ಚಿ, ನನ್ನ ಒಳಂಗಿ ಈಚೆಗೆ ಬಿಗಿಯಾಗುತ್ತಿದೆ, ಇನ್ನೊಂದು ಸಲ ಅಳತೆ ತೆಗೆ ಎಂದು ಎದುರಿಗೆ ನಿಂತೆ. ಗಿರಿಜಮ್ಮ ದಾರ ಸುತ್ತಿ ನನ್ನ ಮುಖ ನೋಡಿದಳು.

"ಮೊದಲು ಉಸಿರು ಬಿಡ್ರಿ" ಎಂದಳು.