ಎಳ್ಳಮಾಸಿಗೂ ರಜೆ ಕೊಡದ ಗಿಳಿರಾಯರಿಗೆ

ಮೊಬೈಲಿನ ಗಾಜಿನೊಳಗೆ, ಎಂದೂ ಎಲೆ ಉದುರದ ಟೊಂಗೆಯ ಮೇಲೆ ಕುಳಿತು ಊರೂರ ಮಕ್ಕಳಿಗೆ ಪಾಠ ಹೇಳುವ ಶ್ರೀಮಾನ್ ಗಿಳಿರಾಯರ ಎರಡೂ ಪಾದಗಳಿಗೆ, ಆಳಂದ ತಾಲೂಕು ಮಾದನಹಿಪ್ಪರಗಾದಿಂದ ಮೂರನೆಯ ತರಗತಿ ಪಾಸಾದ ಗುರಮ್ಮನ ಶರಣು ಶರಣಾರ್ಥಿ.

ಮಾನ್ಯರೇ,

ಮೊದಲು ತಮ್ಮ ಉಪಕಾರ ನೆನೆಯುತ್ತೇನೆ. ನನ್ನ ಸೊಸೆ ಸಪ್ನಾ ಬಿ.ಎಡ್. ಓದಿದವಳು. ತನ್ನ ಮಗಳು ನೀಲಾಳಿಗೆ ಐದನೆಯ ತರಗತಿಯನ್ನು ಮನೆಯಲ್ಲೇ ಓದಿಸುತ್ತೇನೆಂದು ಜೂನಿನಲ್ಲಿ ಹಟ ಹಿಡಿದು, "ಪಾಠ ನಾ ಹೇಳ್ತೇನ್ರಿ ಅತ್ತಿ, ಆದ್ರ ಮಗೀಗಿ ವರ್ಷಪೂರ್ತಿ ಉಮೇದಿ ಇರಬೇಕಲ್ರಿ" ಎಂದು ತಮ್ಮನ್ನು ಮೊಬೈಲಿಗೆ ಇಳಿಸಿಕೊಂಡಳು. ಒಂದು ಲೆಕ್ಕಕ್ಕೆ ಒಂದು ಚುಕ್ಕಿ, ದಿನ ತಪ್ಪದಿದ್ದರೆ ಸರಪಳಿಗೆ ಒಂದು ಕೊಂಡಿ. ನಾನು ಓದುವ ಕಾಲದಲ್ಲಿ ಮಾಸ್ತರರು ಕೊಡುತ್ತಿದ್ದುದು ಛಡಿಯೇಟು ಮಾತ್ರ. ಪಾಪ, ಅವರಿಗೆ ತಮ್ಮಷ್ಟು ವಿದ್ಯೆ ಎಲ್ಲಿಂದ ಬರಬೇಕು!

ಗಣಪತಿ ಹಬ್ಬದಿಂದ ಹಿಡಿದ ಸರಪಳಿ ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ನೂರಾ ಹದಿನಾಲ್ಕು ಕೊಂಡಿಯಾಗಿತ್ತು. ಅಂದು ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲದೆ ಈ ಸೀಮೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಆದರೆ ನಮ್ಮ ಹೊಲದಲ್ಲಿ ನೆಟ್‌ವರ್ಕ್ ಇಲ್ಲ, ತಮ್ಮ ಪಂಚಾಂಗದಲ್ಲಿ ಎಳ್ಳಮಾಸಿ ಇಲ್ಲ. "ಸರಪಳಿ ಹರೀತದ, ನಾ ಹೊಲಕ್ಕ ಬರಂಗಿಲ್ಲ" ಎಂದು ಹುಡುಗಿ ಕಂಬ ಹಿಡಿದು ಅತ್ತಳು. ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದ ನಾನು, "ನೀ ಹೋಗವ್ವಾ, ನಿನ್ನ ಗಿಳೀನ ನಾ ನೋಡ್ಕೋತೇನಿ" ಎಂದು ಕಳಿಸಿದೆ.

ತಾವು ಹತ್ತು ಪ್ರಶ್ನೆ ಕೇಳಿದಿರಿ; ನಾನು ಹತ್ತು ಸಲ ಒತ್ತಿದೆ. ೦.೫ ದೊಡ್ಡದೋ ೦.೪೫ ದೊಡ್ಡದೋ ಎಂದಿರಿ. ಐದಕ್ಕಿಂತ ನಲವತ್ತೈದು ದೊಡ್ಡದೆಂದು ನಮ್ಮ ಎಮ್ಮೆಗೂ ಗೊತ್ತು, ಅದನ್ನೇ ಒತ್ತಿದೆ. ಒಂಬತ್ತು ತಪ್ಪಾದವಂತೆ. ಆದರೂ ತಮ್ಮ ದೊಡ್ಡ ಗುಣ ನೋಡಿ: ಪ್ರತಿ ತಪ್ಪಿಗೂ "ಭಲೇ, ಬಹಳ ಹತ್ತಿರ ಬಂದೆ!" ಎಂದು ರೆಕ್ಕೆ ಬಡಿದು, ಕಡೆಗೆ ಹೂಮಳೆ ಸುರಿಸಿ, "ನೀಲಾ, ನೀನೇ ಜಾಣೆ" ಎಂದು ಕುಣಿದಿರಿ. ಮದುವೆಯಾಗಿ ನಲವತ್ತೇಳು ವರ್ಷದಲ್ಲಿ ನಮ್ಮ ಯಜಮಾನರು ಒಮ್ಮೆಯೂ ನನ್ನನ್ನು ಜಾಣೆ ಎಂದವರಲ್ಲ.

ಸಂಜೆ ಹೊಲದಿಂದ ಬಂದ ಹುಡುಗಿ ಮೊಬೈಲಿನಲ್ಲಿ ಅದನ್ನೆಲ್ಲ ನೋಡಿದಳು. ಒಂದೇ ಮಾತು ಕೇಳಿದಳು: "ಆಯೀ, ತಪ್ಪಿಗೂ ಭಲೇ ಅಂತದಂದ್ರ, ಇಷ್ಟು ದಿನ ನನಗಂದದ್ದು ಖರೇನೋ ಸುಳ್ಳೋ?"

ಅಂದಿನಿಂದ ಹದಿನೆಂಟು ದಿನ ಅವಳು ಪುಸ್ತಕ ಮುಟ್ಟಲಿಲ್ಲ. ಮಾರ್ಚಿಗೆ ಆರನೆಯ ತರಗತಿಯ ಪ್ರವೇಶ ಪರೀಕ್ಷೆ. ಸಪ್ನಾ ಬಣ್ಣದ ಚಾರ್ಟ್ ಅಂಟಿಸಿದಳು, ಗುಲಾಬ್ ಜಾಮೂನು ಮಾಡಿದಳು; ಹುಡುಗಿ ಜಾಮೂನು ತಿಂದಳು, ಚಾರ್ಟಿನತ್ತ ನೋಡಲಿಲ್ಲ. ತಾವು ಮಾತ್ರ ದಿನವೂ ಕಣ್ಣೀರು ಸುರಿಸುತ್ತ "ನಿನ್ನನ್ನು ತುಂಬಾ ನೆನೆಯುತ್ತಿದ್ದೇನೆ" ಎಂದು ಸಂದೇಶ ಕಳಿಸಿದಿರಿ. ಇಷ್ಟು ಅಳು ಬರುವವರು ಆಳಂದದ ಬಸ್ಸು ಹತ್ತಿ ಬಂದು, ನಮ್ಮ ಬೇವಿನ ಗಿಡದಲ್ಲಿ ಕೂತು, ಮುಖ ನೋಡಿ ಒಮ್ಮೆ "ತಪ್ಪು" ಎಂದು ಹೇಳುವ ಕೃಪೆ ಮಾಡಬೇಕಾಗಿ ವಿನಂತಿ. ಹಸಿಮೆಣಸಿನಕಾಯಿಯ ಖರ್ಚು ನನ್ನದು.

ನಿನ್ನೆ ತಡೆಯಲಾರದೆ ನಾನೇ ಪಾಟಿ-ಬಳಪ ಹಿಡಿದು ಕಟ್ಟೆಯ ಮೇಲೆ ಕೂತೆ. ನಲವತ್ತೈದೇ ದೊಡ್ಡದೆಂದು ಓಣಿಗೆಲ್ಲ ಕೇಳುವಂತೆ ಸಾಧಿಸಿದೆ. ಸುಳ್ಳು ಹೇಳಲಾರೆ, ನಾಟಕವಲ್ಲ, ಖರೇನೇ ತಿಳಿದಿರಲಿಲ್ಲ. ಹುಡುಗಿ ಕೇಳಿ ಕೇಳಿ ಸಾಕಾಗಿ, ರೊಟ್ಟಿ ಮುರಿದು ತಂದು, "ಇದು ಅರ್ಧ. ಇದು ಅರ್ಧಕ್ಕ ಕಮ್ಮಿ. ಕಣ್ಣ ಕಾಣಂಗಿಲ್ಲೇನ ಬೇ ನಿನಗ? ಅತ್ತಾಗ ಸರಕೋ" ಎಂದು ಪಾಟಿ ಕಸಿದುಕೊಂಡಳು. ಲೆಕ್ಕ ಮಾಡುತ್ತ ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ. ಭಲೇ ಎನ್ನಲು ನನಗೆ ಬಿಡುವಾಗಲಿಲ್ಲ, ಬೈಸಿಕೊಳ್ಳುವುದರಲ್ಲೇ ಇದ್ದೆ.

ತಮ್ಮ ಚುಕ್ಕಿಗಳ ಋಣದಲ್ಲಿರುವ, ತಮ್ಮ ವಿಶ್ವಾಸಿ,
ಗುರಮ್ಮ

ತಾ.ಕ.: ಈ ಹೊತ್ತು ಮೂರು ಲೆಕ್ಕ ತಪ್ಪಿದ್ದಕ್ಕೆ ಮೊಮ್ಮಗಳು ನನ್ನ ಕಿವಿ ಹಿಂಡಿದಳು. ತಾವೂ ಅವಳ ಬಳಿ ಕಲಿಯಲು ಬರಬಹುದು. ಕಿವಿ ಕಾಣದಿದ್ದರೆ ಚಿಂತೆ ಬೇಡ, ಕೊಕ್ಕಿದೆಯಲ್ಲ.